ರೋಮಿನಲ್ಲಿ ಅಜ್ಜನ ತಲೆ

ಹೊರಡುವ ಮೊದಲು, ಭದ್ರಾವತಿ

ರೋಮಿಗೆ ಹೋಗಿ ಬಂದವರೆಲ್ಲ ಅಲ್ಲಿನ ಪಾಳುಬಿದ್ದ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನೂ ಬರೆಯಬಹುದಿತ್ತು. ಆದರೆ ಅವುಗಳಲ್ಲಿ ಎಷ್ಟನ್ನು ಅಲ್ಲೇ ನಿಂತು ಕಂಡೆ, ಎಷ್ಟನ್ನು ಮನೆಗೆ ಬಂದ ಮೇಲೆ ಫೋನಿನಲ್ಲಿ ನೋಡಿ ‘ಕಂಡೆ’ ಅಂದುಕೊಂಡೆ ಎಂಬುದು ನನಗೇ ಗೊತ್ತಿಲ್ಲ. ಖಚಿತವಾಗಿ ನೆನಪಿರುವುದು ಒಂದು ಅಮೃತಶಿಲೆಯ ತಲೆ. ಮತ್ತು ಅದರ ಮುಂದೆ ನಿಂತು ಕನ್ನಡ, ತಮಿಳು, ತೆಲುಗು ಮೂರರಲ್ಲೂ ವಾದ ಮಾಡಿದ ನನ್ನ ಸೋದರತ್ತೆ.

ಗಿರಿಜತ್ತೆ ನಮ್ಮಪ್ಪನ ಅಕ್ಕ. ಭದ್ರಾವತಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವ ಚಟ ಹೋಗಿಲ್ಲ. ನಾವು ಹೊರಡುವ ಹೊತ್ತಿಗೆ ಅವರು ಕೆಂಪು ಗೆರೆ ಎಳೆದು ಕೂತಿದ್ದದ್ದು ಅವರ ಅಪ್ಪನ, ಅಂದರೆ ನನ್ನ ಅಜ್ಜನ, ಮುಖದ ಮೇಲೆ.

ಆಯನೂರಿನ ಹತ್ತಿರದ ಹಳ್ಳಿಯೊಂದರ ಶಾಲೆಗೆ ಅಜ್ಜ ಜಾಗ ಕೊಟ್ಟಿದ್ದರು. ಶಾಲೆಯವರಿಗೆ ಈಗ ಅಲ್ಲಿ ಅವರದೊಂದು ಮೂರ್ತಿ ಇಡುವ ಮನಸ್ಸಾಗಿದೆ. ಪೂರ್ತಿ ಆಳಲ್ಲ, ಎದೆಯ ತನಕ. ಕಲ್ಲು ನಮ್ಮದು, ಹಾರ ಅವರದು. ಒಂದೇ ತೊಂದರೆ: ಅಜ್ಜನ ಮುಖ ನಮ್ಮ ಯಾರ ಹತ್ತಿರವೂ ಇರಲಿಲ್ಲ. ಇದ್ದ ಒಂದು ಫೋಟೋದಲ್ಲಿ ಬೀಗರೊಬ್ಬರ ಪೇಟ ಅಡ್ಡ ಬಂದು ಅಜ್ಜನ ಹಣೆ, ಮೂಗು ಎರಡನ್ನೂ ನುಂಗಿದೆ. ಇನ್ನೊಂದು ಚಿಕ್ಕ ಫೋಟೋ ಗೆದ್ದಲಿಗೆ ಆಹಾರವಾಗಿ, ಎರಡು ಕಿವಿ ಮತ್ತು ಅಂಗಿಯ ಕಾಲರು ಮಾತ್ರ ಉಳಿದಿವೆ.

ನನಗೆ ಅಜ್ಜನ ನೆನಪಿದೆ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಅವರ ಅಕ್ಕಿ ಗಿರಣಿ, ಅವರ ತೊಡೆ, ಪಂಚೆಗೆ ಅಂಟಿದ ತೌಡಿನ ವಾಸನೆ. ಅತ್ತೆ ಒಂದೇ ಮಾತಿನಲ್ಲಿ ಅದನ್ನು ಹೊಡೆದು ಹಾಕಿದರು. “ಅಪ್ಪ ಹೋದಾಗ ನೀನು ತೊಟ್ಟಿಲಲ್ಲಿದ್ದೆ ಮಾರಾಯ್ತಿ. ಯಾರ ತೊಡೆ ಮೇಲೆ ಕೂತಿದ್ದೆಯೋ ಏನೋ.” ಆ ತೌಡಿನ ವಾಸನೆ ಯಾರದ್ದು ಎಂದು ಇವತ್ತಿಗೂ ಬಗೆಹರಿದಿಲ್ಲ.

ಮೂರ್ತಿ ಮಾಡುತ್ತಿದ್ದವರು ಭದ್ರಾವತಿಯ ಒಬ್ಬ ಶಿಲ್ಪಿ. ಎಲ್ಲರೂ ಆಚಾರ್ರು ಎಂದು ಕರೆಯುತ್ತಾರೆ. ಮೊದಲು ಮಣ್ಣಿನಲ್ಲಿ ತಲೆ ಮಾಡಿ, ಮನೆಯವರು ಒಪ್ಪಿದ ಮೇಲೆ ಕಲ್ಲಿಗೆ ಕೈ ಹಾಕುವುದು ಅವರ ಕ್ರಮ. ಅವರು ಕೇಳಿದ ಮೊದಲ ಪ್ರಶ್ನೆ, “ಕೋಟು ಬೇಕಾ, ಶಾಲು ಬೇಕಾ?” ಮುಖದ ವಿಷಯಕ್ಕೆ ಬಂದಾಗ ಬಸಣ್ಣ ಚಿಕ್ಕಪ್ಪನನ್ನು, ಅಂದರೆ ಅತ್ತೆಯ ತಮ್ಮನನ್ನು, ಎದುರಿಗೆ ಕೂರಿಸಿಕೊಂಡು, ಅವರ ಮೂಗು ಗದ್ದ ನೋಡಿಕೊಂಡು ಒಂದು ತಲೆ ಮಾಡಿದರು. ನೇರ ನೋಟ, ತುಂಬಿದ ಕೆನ್ನೆ, ಹೆಗಲಿಗೆ ಶಾಲು. ನಮ್ಮ ಜಿಲ್ಲೆಯ ಯಾವ ಸರ್ಕಲ್ಲಿನಲ್ಲಿ ನಿಲ್ಲಿಸಿದರೂ ಜನ ಕೈ ಮುಗಿದು ಹೋಗುವಂತಿತ್ತು.

“ಅಪ್ಪನ ಹಂಗೇ ಇದೆ” ಎಂದರು ಚಿಕ್ಕಪ್ಪ. ತನ್ನ ಮುಖವೇ ಕಲ್ಲಾಗುತ್ತಿರುವುದು ಅವರಿಗೆ ಬೇಜಾರಿನ ಸಂಗತಿಯೇನೂ ಆಗಿರಲಿಲ್ಲ.

“ಇದು ಅಪ್ಪ ಅಲ್ಲ” ಎಂದರು ಅತ್ತೆ.

“ಮೂಗಾ ಅಮ್ಮಾ?” ಆಚಾರ್ರು ಕೇಳಿದರು.

“ಅಲ್ಲ.”

“ಗದ್ದ? ಹುಬ್ಬು?”

“ಅದೂ ಅಲ್ಲ. ಏನು ಅಂತ ಗೊತ್ತಾಗ್ತಿಲ್ಲ. ಆದ್ರೆ ಅಲ್ಲ.”

ಉತ್ತರ ತಪ್ಪು ಎಂದು ಗೊತ್ತು, ಯಾವ ಹಂತದಲ್ಲಿ ತಪ್ಪಿತು ಎಂದು ಗೊತ್ತಿಲ್ಲ. ಗಣಿತದ ಮೇಡಂಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಆಟೋದಲ್ಲಿ ಮನೆಗೆ ಬರುವಾಗ ಅವರು ನನ್ನ ಕಡೆ ನೋಡದೆ ಹೇಳಿದರು: “ನಾನು ಹೇಳದೆ ಹೋದ್ರೆ ಇನ್ಯಾರೂ ಹೇಳೋರಿಲ್ಲ ಕಣೇ. ಒಂದ್ಸಲ ಕಲ್ಲಾಯ್ತು ಅಂದ್ರೆ ಅದೇ ಅಪ್ಪ ಆಗ್ಬಿಡ್ತದೆ. ಆಮೇಲೆ ನಂಗೂ ಅದೇ ನೆನಪಾಗೋದು.”

ಪ್ರವಾಸದ ಟಿಕೆಟ್ಟು ಮೊದಲೇ ಆಗಿತ್ತು. ಆಚಾರ್ರು ಮಣ್ಣಿನ ತಲೆಗೆ ಒದ್ದೆ ಬಟ್ಟೆ ಸುತ್ತಿ, “ಹೋಗ್ ಬನ್ನಿ, ಬೇಗ ಹೇಳಿ, ಮಣ್ಣು ಒಣಗಿದ್ರೆ ಕಷ್ಟ” ಎಂದರು. ನಾವು ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ವಿಮಾನ ಹತ್ತಿದೆವು.

ರೋಮ್, ಮೊದಲ ದಿನ

ಭದ್ರಾವತಿಯವರಿಗೆ ಒಂದು ಅಭ್ಯಾಸವಿದೆ. ಎದುರಿನವನಿಗೆ ಕನ್ನಡ ಅರ್ಥವಾಗದಿದ್ದರೆ ತಮಿಳು ಪ್ರಯೋಗಿಸುತ್ತಾರೆ. ಅದೂ ನಾಟದಿದ್ದರೆ ತೆಲುಗು. ತಮಿಳು, ತೆಲುಗಿನವರೇ ತುಂಬಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳಿಗೆ ಪಾಠ ಹೇಳಿದ ಗಿರಿಜತ್ತೆಗೆ ಈ ಕ್ರಮ ರಕ್ತದಲ್ಲೇ ಇದೆ. ರೋಮಿನ ಹೋಟೆಲಿನವನು “ಬೊಂಜೋರ್ನೊ” ಎಂದು ಸ್ವಾಗತಿಸಿದ ಕೂಡಲೇ ಇವರು ಬಿಸಿನೀರು ಎಲ್ಲಿ ಎಂದು ಕನ್ನಡದಲ್ಲಿ ಕೇಳಿದರು. ಅವನು ಕಣ್ಣರಳಿಸಿದ. “ಸುಡು ತಣ್ಣಿ ಎಂಗೆ?” ಎಂದರು. ಅವನು ಎರಡೂ ಕೈ ಎತ್ತಿ ಏನೋ ಉದ್ದಕ್ಕೆ ಹೇಳಿದ. “ತೆಲುಗಿನೋನು ಇರ್ಬೇಕು” ಎಂದು ನನಗೆ ಹೇಳಿ ಮುಂದಿನದಕ್ಕೆ ಹೊರಳಿದರು. ಇಂಗ್ಲಿಷಿನಲ್ಲಿ ಕೇಳಿ ಎಂದರೆ, “ಅವನಿಗೂ ಬರಲ್ಲ, ನಂಗೂ ಬರಲ್ಲ. ಇಬ್ರಿಗೂ ಬರದೇ ಇರೋದನ್ನ ಯಾಕೆ ಮಾತಾಡ್ಬೇಕು” ಎಂದರು. ಬಿಸಿನೀರು ಬಂತು.

ರೂಮಿನ ಬಚ್ಚಲಲ್ಲಿ ಕಮೋಡಿನ ಪಕ್ಕದಲ್ಲಿ ನಲ್ಲಿಯಿರುವ ಇನ್ನೊಂದು ಪಿಂಗಾಣಿ ಬೋಗುಣಿ ಇತ್ತು. ಅತ್ತೆ ಅದನ್ನು ಬಹಳ ಮೆಚ್ಚಿದರು. “ಹೊರಗಿಂದ ಬಂದವ್ರು ಕಾಲು ತೊಳ್ಕೊಳ್ಳೋಕೆ ಎಷ್ಟು ಚೆನ್ನಾಗಿ ಮಾಡಿದಾರೆ ನೋಡು. ನಮ್ಮಲ್ಲಿ ಮರ್ತೇ ಬಿಟ್ಟಿದೀವಿ.” ಅದರ ನಿಜವಾದ ಉಪಯೋಗ ಹೇಳಲು ನನಗೆ ಧೈರ್ಯ ಬರಲಿಲ್ಲ. ಇದ್ದಷ್ಟು ದಿನವೂ ಅವರು ಅದರಲ್ಲಿ ಶ್ರದ್ಧೆಯಿಂದ ಪಾದ ತೊಳೆದುಕೊಂಡರು.

ಬೀದಿಯಲ್ಲಿ ಕಲ್ಲು ಹಾಸಿದ್ದಾರೆ. ಉದ್ದೇಶಪೂರ್ವಕವಾಗಿ ಸೊಟ್ಟಗೆ ಹಾಸಿದ್ದಾರೆ ಎಂಬುದು ಮಂಡಿನೋವಿನ ಅತ್ತೆಯ ಅಭಿಪ್ರಾಯ. ಜನ ಅಂಗಡಿಯ ಕಟ್ಟೆಗೆ ಮೊಣಕೈ ಊರಿ, ನಿಂತೇ ಕಾಫಿ ಕುಡಿಯುತ್ತಾರೆ, ನಮ್ಮ ಶಿವಮೊಗ್ಗದ ಗಾಂಧಿಬಜಾರಿನ ಹಾಗೆಯೇ. ವ್ಯತ್ಯಾಸ ಇಷ್ಟೆ: ನಮ್ಮಲ್ಲಿ ಬೈಟು ಹೇಳಿ ಇಬ್ಬರು ಕುಡಿಯುವ ಪ್ರಮಾಣದ ಕಾಲು ಭಾಗವನ್ನು ಇಲ್ಲಿ ಒಬ್ಬನಿಗೆ ಕೊಡುತ್ತಾರೆ. ಅತ್ತೆ ಲೋಟದ ತಳವನ್ನು ನೋಡಿ, “ಇದು ಸ್ಯಾಂಪಲ್ಲಾ?” ಎಂದು ಕೇಳಿದರು.

ತಲೆಗಳ ಕೋಣೆ

ನಾವು ವಸ್ತುಸಂಗ್ರಹಾಲಯದ ಒಳಗೆ ಹೋದದ್ದು ಕಲೆಯ ಮೇಲಿನ ಪ್ರೀತಿಯಿಂದ ಅಲ್ಲ. ಅತ್ತೆಗೆ ತುರ್ತಾಗಿ ಶೌಚಾಲಯ ಬೇಕಿತ್ತು, ಸುತ್ತಮುತ್ತ ಇದ್ದದ್ದು ಅದೊಂದೇ. ಕೆಲಸ ಮುಗಿಸಿ ಬಂದ ಮೇಲೆ, “ಟಿಕೆಟ್ ತಗೊಂಡಿದೀವಿ, ಒಂದು ಸುತ್ತು ನೋಡೇ ಬಿಡೋಣ” ಎಂದರು.

ಮೊದಲ ಕೋಣೆಗಳಲ್ಲಿ ಬಟ್ಟೆಯಿಲ್ಲದ ದೇವತೆಗಳು. ಅತ್ತೆ ಅವರನ್ನು, ಯೂನಿಫಾರಂ ಇಲ್ಲದೆ ಬಂದ ಮಕ್ಕಳನ್ನು ನೋಡುವ ಹಾಗೆ ನೋಡಿ ಮುಂದೆ ಹೋದರು. ಆಮೇಲೆ ಒಂದು ಉದ್ದನೆಯ ಕೋಣೆ ಬಂತು. ಎರಡೂ ಬದಿಗೆ ಬರೀ ತಲೆಗಳು. ರೋಮನ್ ಕಾಲದ ಯಜಮಾನರು, ಅವರ ಹೆಂಡತಿಯರು, ವ್ಯಾಪಾರಿಗಳು. ಯಾರನ್ನೂ ಚೆಂದ ಮಾಡುವ ಪ್ರಯತ್ನ ನಡೆದಿರಲಿಲ್ಲ. ಜೋತ ಕೆನ್ನೆ, ಕಣ್ಣಿನ ಕೆಳಗಿನ ಚೀಲ, ಗದ್ದದ ಮೇಲಿನ ನರೂಲಿ, ಎಲ್ಲವನ್ನೂ ಕೆತ್ತಿ ಇಟ್ಟಿದ್ದರು. ಶಿವಮೊಗ್ಗದ ಛತ್ರಗಳಲ್ಲಿ ಮದುವೆ ಊಟ ಮುಗಿಸಿ, ಮುಂದಿನ ಸಾಲಿನ ಕುರ್ಚಿಗಳಲ್ಲಿ ತಾಂಬೂಲಕ್ಕೆ ಕಾಯುತ್ತಾ ಕೂತ ಹಿರಿಯರ ಗುಂಪು ನೆನಪಾಯಿತು. ಅದೇ ಅಜೀರ್ಣ, ಅದೇ ಗತ್ತು.

ನಾನು ಕೊನೆಯ ತನಕ ಹೋಗಿ ತಿರುಗಿ ನೋಡಿದರೆ ಅತ್ತೆ ನಡುವೆ ನಿಂತುಬಿಟ್ಟಿದ್ದರು. ಎದುರಿಗೆ ಒಬ್ಬ ಬೋಳುತಲೆಯ ಮುದುಕ. ಮೂಗಿನ ತುದಿ ಮುರಿದಿದೆ. ಕೆನ್ನೆ ಒಳಗೆ ಹೋಗಿದೆ. ತಲೆ ಬಲಕ್ಕೆ ಸ್ವಲ್ಪ ತಿರುಗಿದೆ, ಕಣ್ಣು ಮಾತ್ರ ಓರೆಯಾಗಿ ನಮ್ಮ ಕಡೆ. ಅತ್ತೆ ಬೂಟು ಬಿಚ್ಚುತ್ತಿದ್ದರು.

“ಏನತ್ತೆ?”

“ಅಪ್ಪ” ಎಂದರು.

ಬೂಟನ್ನು ಬದಿಗಿಟ್ಟು, ಸೆರಗು ಹೊದ್ದು, ನಮಸ್ಕಾರ ಮಾಡಲು ಬಗ್ಗಿದರು. ಅರ್ಧ ಬಗ್ಗಿದ ಮೇಲೆ ಸಮಸ್ಯೆ ತಿಳಿಯಿತು. ಎದೆಯ ತನಕದ ಮನುಷ್ಯನಿಗೆ ಕಾಲಿಲ್ಲ. ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಕಾಲು ಇರಬೇಕಾದ ಜಾಗವನ್ನು ಅಂದಾಜು ಮಾಡಿ ಪೀಠದ ಬುಡವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಲ್ಲೋ ಎಚ್ಚರಿಕೆಯ ಗಂಟೆ ಬಡಿದುಕೊಂಡಿತು.

ಕಾವಲಿನ ಹೆಂಗಸು ಓಡಿ ಬಂದಳು. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡಿದ್ದ, ಅತ್ತೆಗಿಂತ ಸ್ವಲ್ಪವೇ ಚಿಕ್ಕವಳಾದ ದಪ್ಪ ಹೆಂಗಸು. ಅವಳು ಇಟಾಲಿಯನ್ನಿನಲ್ಲಿ ಗದರಿದಳು. ಅತ್ತೆ ಕನ್ನಡದಲ್ಲಿ ವಿವರಿಸಿದರು, ನಂತರ “ಎಂಗ ಅಪ್ಪಾ” ಎಂದರು, ನಂತರ “ಮಾ ನಾನ್ನ” ಎಂದರು. ಕೊನೆಗೆ ವಿಧಿಯಿಲ್ಲದೆ ಇಂಗ್ಲಿಷಿಗೆ ಇಳಿದು, “ಮೈ ಫಾದರ್” ಎಂದರು.

ಕಾವಲಿನವಳು ಒಮ್ಮೆ ಅತ್ತೆಯನ್ನು, ಒಮ್ಮೆ ಕಲ್ಲನ್ನು ನೋಡಿದಳು. ಪೀಠದ ಮೇಲಿನ ಚೀಟಿಗೆ ಬೆರಳಿಟ್ಟು, “ನೋ ಫಾದರ್. ಅನ್‌ನೋನ್” ಎಂದಳು. ಅಪರಿಚಿತ ವ್ಯಕ್ತಿ ಎಂದು ಅಲ್ಲಿ ಬರೆದಿತ್ತು.

“ಯಾರಿಗೆ ಅನ್‌ನೋನ್?” ಎಂದರು ಅತ್ತೆ, ಬೂಟು ಹಾಕಿಕೊಳ್ಳುತ್ತಾ.

ಹೋಟೆಲು: ಮಣ್ಣಿನ ವಿಷಯ

ಹೋಟೆಲಿಗೆ ಬಂದ ಕೂಡಲೇ ಅತ್ತೆ ಆ ಮುಖದ ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದು ಅಕ್ಷರವನ್ನೂ ಬರೆಯಲಿಲ್ಲ. ಅವರಿಗೆ ಕನ್ನಡ ಟೈಪು ಮಾಡಲು ಬಾರದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಅವರ ಮರ್ಯಾದೆಗೆ ಕಡಿಮೆ.

ಫೋಟೋದಲ್ಲಿ ಕಣ್ಣು ಮುಚ್ಚಿದಂತೆ ಕಾಣುವ, ಬಣ್ಣವಿಲ್ಲದ ಮುಖ, ಕೆಳಗೆ ಏನೂ ಬರೆದಿಲ್ಲ. ನಮ್ಮ ಗುಂಪಿನಲ್ಲಿ ಇಂಥ ಫೋಟೋಗೆ ಒಂದೇ ಅರ್ಥ. ದಾವಣಗೆರೆಯ ರುದ್ರಣ್ಣ ಮಾವ ಮೊದಲು ಕೈ ಮುಗಿದರು: “ಓಂ ಶಾಂತಿ.” ಅದರ ಹಿಂದೆಯೇ ಸಾಲುಗಟ್ಟಿ ಶ್ರದ್ಧಾಂಜಲಿಗಳು ಬಂದವು. ಹೋದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ದೊಡ್ಡ ಕುಟುಂಬದಲ್ಲಿ ಹಾಗೆ ಕೇಳಿದರೆ, ನಮ್ಮನ್ನು ಮರೆತಿದ್ದಾರೆ ಎಂದು ಯಾರಾದರೂ ನೊಂದುಕೊಳ್ಳುತ್ತಾರೆ.

ಇದನ್ನು ಅಲ್ಲೇ ನಿಲ್ಲಿಸಬಹುದಿತ್ತು. ಆದರೆ ಮೂರ್ತಿಯ ಚರ್ಚೆಗಾಗಿ ಚಿಕ್ಕಪ್ಪ ಆಚಾರ್ರನ್ನೂ ಆ ಗುಂಪಿಗೆ ಸೇರಿಸಿದ್ದರು. ಆಚಾರ್ರು ತಮ್ಮ ಕೆಲಸದ ಬಗ್ಗೆ ಬರೆದರು: “ಮಣ್ಣು ತಡ ಮಾಡುವುದು ಬೇಡ. ನಾಳೆ ಸಂಜೆಯೊಳಗೆ ಮುಗಿಸೋಣ.”

ನಮ್ಮವರು ಹೂಳುವವರು. ಸತ್ತವರ ಕೊನೆಯ ಕಾರ್ಯಕ್ಕೆ ನಾವು ‘ಮಣ್ಣು’ ಎಂದೇ ಅನ್ನುವುದು. ರುದ್ರಣ್ಣ ಮಾವ ಕೇಳಿದರು: “ಮಣ್ಣು ಎಲ್ಲಿ?”

“ನಮ್ಮ ಶೆಡ್ಡಿನಲ್ಲೇ ಸಾರ್. ಬನ್ನಿ” ಎಂದು ಆಚಾರ್ರು ಬರೆದರು. ತಮ್ಮ ಕೆಲಸ ನೋಡಲು ದಾವಣಗೆರೆಯಿಂದ ಜನ ಬರುತ್ತಾರೆ ಎಂದು ಅವರಿಗೆ ಸಂತೋಷವೇ ಆಗಿರಬೇಕು.

ನಾವು ಆ ಹೊತ್ತಿಗೆ ಯಾವುದೋ ಕಾರಂಜಿಯ ಮುಂದೆ ನಾಣ್ಯ ಎಸೆಯುವವರನ್ನು ನೋಡುತ್ತಾ ನಿಂತಿದ್ದೆವು. ಮರುದಿನ ಚಿಕ್ಕಪ್ಪನ ಫೋನು ಬಂದಾಗಲೇ ನಮಗೆ ವಿಷಯ ತಿಳಿದದ್ದು.

“ಅಕ್ಕಾ, ಏನು ಮಾಡಿದೀಯಾ ನೀನು? ರುದ್ರಣ್ಣ ಕಾರು ತುಂಬ ಜನ ಕರ್ಕೊಂಡು ಬಂದಿದಾನೆ. ಸೇವಂತಿಗೆ ಹಾರ ಬೇರೆ.”

“ಯಾರಿಗೆ?”

“ಅದು ಅವನಿಗೂ ಗೊತ್ತಿಲ್ಲ. ಶೆಡ್ಡಿಗೆ ಬಂದ, ಬಟ್ಟೆ ಸುತ್ತಿದ ತಲೆ ನೋಡಿದ, ಬಟ್ಟೆ ತೆಗ್ದು ಹಾರ ಹಾಕೇಬಿಟ್ಟ. ಹಸಿ ಮಣ್ಣು. ಮೂಗು ಪಚಕ್ ಅಂತು. ಕತ್ತು ವಾಲ್ಕೊಂಡಿದೆ. ಆಚಾರ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ.”

“ಹೋಗ್ಲಿ ಬಿಡು. ಅದು ಹೆಂಗೂ ಅಪ್ಪ ಆಗಿರ್ಲಿಲ್ಲ. ನಾನು ಕಳಿಸಿದ್ದು ನೋಡಿದ್ಯಾ?”

“ಆ ಬೋಳನ್ನಾ? ಅಪ್ಪಂಗೆ ತಲೆ ತುಂಬ ಕೂದ್ಲಿತ್ತು ಅಕ್ಕಾ.”

“ಅದು ನಂಗೂ ಗೊತ್ತು.”

“ಮೂಗು ಅದೇನಾ?”

“ಅಲ್ಲ.”

“ಮತ್ತೇನು ಅದೇ ಇರೋದು ಅದ್ರಲ್ಲಿ?”

ಅತ್ತೆ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತೆಗೆಯತೊಡಗಿದರು. ಚಿಕ್ಕಪ್ಪನ ದನಿ ಸ್ವಲ್ಪ ಮೆತ್ತಗಾಯಿತು. “ನೀನು ಬರೋದ್ರೊಳಗೆ ಆಚಾರ್ರು ಹೊಸ ಮಣ್ಣು ಕಲಸ್ತಾರಂತೆ. ಆದ್ರೆ ಈ ಸಲ ಏನು ಬೇಕು ಅಂತ ಸರಿಯಾಗಿ ಹೇಳ್ಬೇಕು. ಇಲ್ದಿದ್ರೆ ಮೊದಲಿನ ಹಂಗೇ ಮಾಡ್ಸಿ ಕಲ್ಲಿಗೆ ಕೊಟ್ಬಿಡ್ತೀನಿ. ಶಾಲೆಯವ್ರು ದಿನಾ ಫೋನ್ ಮಾಡ್ತಿದಾರೆ.”

ಫೋನಿಟ್ಟ ಮೇಲೆ ಅತ್ತೆ ಮಂಚದ ಅಂಚಿನಲ್ಲಿ ಕೂತು ಚಟ್ನಿಪುಡಿಯಲ್ಲಿ ಬ್ರೆಡ್ಡು ಅದ್ದಿಕೊಂಡು ತಿಂದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟು ಒಳ್ಳೆಯ ವಿಚಾರವಲ್ಲ. ಇವರಿಗೂ ಮುಖ ಮರೆತುಹೋಗಿದೆ, ಒಪ್ಪಿಕೊಳ್ಳಲು ಆಗದೆ ಸಿಕ್ಕ ಕಲ್ಲಿಗೆ ಅಪ್ಪ ಎನ್ನುತ್ತಿದ್ದಾರೆ ಎಂದುಕೊಂಡೆ. ನನ್ನ ತೌಡಿನ ವಾಸನೆಯ ಹಾಗೆ.

“ನೀನು ಏನು ಅಂದ್ಕೊಂಡಿದೀಯಾ ಅಂತ ಗೊತ್ತು” ಎಂದರು ಅತ್ತೆ. “ನಾಳೆ ಇನ್ನೊಂದ್ಸಲ ಅಲ್ಲಿಗೆ ಹೋಗ್ಬೇಕು.”

ಮತ್ತೆ ಅದೇ ಕೋಣೆ

ನಮ್ಮ ಜೊತೆ ಪ್ರವಾಸಕ್ಕೆ ಬಂದಿದ್ದ ಗುಂಪಿನವರು ಪೋಪರ ಊರು ನೋಡಲು ಹೋದ ದಿನ ನಾವು ತಪ್ಪಿಸಿಕೊಂಡು ತಲೆಗಳ ಕೋಣೆಗೆ ಬಂದೆವು. ಕಾವಲಿನವಳು ದೂರದಿಂದಲೇ ನಮ್ಮನ್ನು ಗುರುತಿಸಿ ಎದ್ದು ನಿಂತಳು. ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ತೋರಿಸಿದರು. ಅವಳು ನಕ್ಕು ಕೂತಳು.

ನಾನು ವಿಚಾರಣೆ ಶುರು ಮಾಡಿದೆ. ಹಣೆ ಹೀಗಿತ್ತಾ? ಇಲ್ಲ. ತುಟಿ? ಇಷ್ಟು ತೆಳ್ಳಗಿರಲಿಲ್ಲ. ಹುಬ್ಬು? ಅತ್ತೆ ಪ್ರತಿಯೊಂದಕ್ಕೂ ಪ್ರಾಮಾಣಿಕವಾಗಿ ಇಲ್ಲ ಎನ್ನುತ್ತಾ ಹೋದರು. ಉಳಿದದ್ದು ಏನೂ ಇರಲಿಲ್ಲ. ಅವರ ದನಿ ಸಣ್ಣದಾಗುತ್ತಾ ಬಂತು. ನಾನು ಕೇಳುವುದನ್ನು ನಿಲ್ಲಿಸಿದೆ. ಅವರ ಒಂದು ಫೋಟೋ ತೆಗೆದು ಇಲ್ಲಿಗೆ ಮುಗಿಸೋಣ ಎನಿಸಿತು.

“ಅತ್ತೆ, ಇಲ್ಲಿ ಎದುರಿಗೆ ಬನ್ನಿ.”

ಬಂದರು. ನಾನು ಫೋನು ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಕಲ್ಲಿನ ಎಡಗಡೆಗೆ ಹೋಗಿ ನಿಂತಿದ್ದರು. ಅಲ್ಲಿ ಬೆಳಕಿರಲಿಲ್ಲ. ಮತ್ತೆ ಕರೆದೆ, ಮತ್ತೆ ಅಲ್ಲಿಗೇ ಸರಿದರು.

“ಅಲ್ಯಾಕೆ ಹೋಗ್ತೀರಿ? ಅಲ್ಲಿಂದ ಮುಖಾನೇ ಕಾಣಲ್ಲ, ಬರೀ ಕಿವಿ ಕಾಣ್ತದೆ.”

“ಈ ಕಡೆ ನಿಂತ್ರೆ ತಾನೆ ಅವ್ರಿಗೆ ಕೇಳೋದು” ಎಂದರು.

ಈ ಮಾತನ್ನು ಅವರು ಹೀಗೇ ಹೇಳಿದರೇ, ಅಥವಾ ವಾಪಸ್ ಬರುವಾಗ ವಿಮಾನದಲ್ಲಿ ನಾನು ಅದನ್ನು ಚೆಂದ ಮಾಡಿಕೊಂಡೆನೇ ಎಂಬ ಅನುಮಾನ ನನಗೆ ಈಗಲೂ ಇದೆ. ಕೇಳಿದರೆ ಅತ್ತೆ, “ಏನೋ ಅಂದೆ, ನಂಗೇನು ಗೊತ್ತು” ಎನ್ನುತ್ತಾರೆ. ಆದರೆ ಎಡಗಡೆ ನಿಂತಿದ್ದು ನಿಜ. ಫೋಟೋದಲ್ಲಿ ಅವರ ಅರ್ಧ ಮುಖ ಕತ್ತಲಲ್ಲಿದೆ.

ಅಜ್ಜನಿಗೆ ಬಲಗಿವಿ ಕೇಳುತ್ತಿರಲಿಲ್ಲವಂತೆ. ಗಿರಣಿಯ ಇಂಜಿನ್ನು ಇದ್ದದ್ದು ಅವರ ಬಲಗಡೆ. ಯಾರು ಮಾತಾಡಿಸಿದರೂ ಅವರು ಮುಖವನ್ನು ಬಲಕ್ಕೆ ಹೊರಳಿಸಿ ಎಡಗಿವಿಯನ್ನು ಮುಂದೆ ಕೊಟ್ಟು, ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಮನೆಯಲ್ಲಿ ಅದು ಎಷ್ಟು ರೂಢಿಯಾಗಿತ್ತು ಎಂದರೆ ಯಾರೂ ಅದನ್ನು ಕಿವುಡು ಎನ್ನುತ್ತಿರಲಿಲ್ಲ. ಅಪ್ಪನ ಹತ್ತಿರ ಮಾತಾಡಬೇಕಾದರೆ ಎಡಗಡೆ ಹೋಗಿ ಜೋರಾಗಿ ಹೇಳುವುದು, ಅಷ್ಟೆ.

“ಫೀಸು ಬೇಕು ಅಂತ ಹೇಳಿದ್ದು, ಕಾಲೇಜಿಗೆ ಹೋಗ್ತೀನಿ ಅಂತ ಜಗಳ ಆಡಿದ್ದು, ಎಲ್ಲಾ ಆ ಕಿವಿ ಜೊತೆ ಕಣೇ” ಎಂದರು ಅತ್ತೆ. “ಮುಖ ಯಾರು ನೋಡಿದ್ರು? ಆಚಾರ್ರು ನೆಟ್ಟಗೆ ನೋಡೋ ಹಂಗೆ ಮಾಡಿ ಕೂರ್ಸಿದಾರೆ. ಅಪ್ಪ ಯಾವತ್ತು ನನ್ನ ನೆಟ್ಟಗೆ ನೋಡಿದ್ರು?”

ಹೇಳಿ ನಕ್ಕರು. ನಕ್ಕವರಿಗೆ ಮೂಗು ಒರೆಸಿಕೊಳ್ಳಬೇಕಾಯಿತು. ಕಾವಲಿನವಳು ಎದ್ದು ಬಂದು ಒಂದು ಕಾಗದದ ಕರವಸ್ತ್ರ ಕೊಟ್ಟಳು. ಅತ್ತೆ ತಮಿಳಿನಲ್ಲಿ ಥ್ಯಾಂಕ್ಸ್ ಹೇಳಿದರು. ಅವಳು ಇಟಾಲಿಯನ್ನಿನಲ್ಲಿ ಏನೋ ಹೇಳಿದಳು. ಆಮೇಲೆ ಇಬ್ಬರೂ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ಸುಮಾರು ಹೊತ್ತು ಮಾತಾಡಿದರು. ಅವಳ ಅಪ್ಪನೂ ಹೀಗೇ ಏನೋ ಇದ್ದನಂತೆ. ಅತ್ತೆಗೆ ಅದು ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ.

ಅಲ್ಲಿಂದಲೇ ಆಚಾರ್ರಿಗೆ ಫೋನು ಮಾಡಿದೆವು. “ಮೂಗು, ಬಾಯಿ ನಿಮಗೆ ಹೆಂಗೆ ಬೇಕೋ ಹಂಗೆ ಮಾಡಿ” ಎಂದರು ಅತ್ತೆ. “ಕತ್ತು ಮಾತ್ರ ತಿರುಗ್ಸಿ.”

ಭದ್ರಾವತಿ

ವಾಪಸ್ ಬಂದ ಮಾರನೇ ದಿನ ಬೆಳಿಗ್ಗೆ ಶಿವಮೊಗ್ಗದ ಆಲ್ಕೊಳದಲ್ಲಿರುವ ನಮ್ಮ ಮನೆಯಿಂದ ಅತ್ತೆಯನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಚಿಕ್ಕಪ್ಪ ಆಗಲೇ ಬಂದು, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು, ಹೊಸ ಮಣ್ಣಿನ ತಲೆಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಆಚಾರ್ರು ಕತ್ತನ್ನು ಬಲಕ್ಕೆ ಹೊರಳಿಸಿದ್ದರು. ಕೂದಲು ಕೊಟ್ಟಿದ್ದರು. ಮೂಗು ಚಿಕ್ಕಪ್ಪನದೇ.

“ಇದು ಆಗಲ್ಲ” ಎಂದರು ಚಿಕ್ಕಪ್ಪ, ತಾಂಬೂಲದ ಸಂದಿನಿಂದ. “ನೀನೇ ನೋಡು ಅಕ್ಕಾ, ಮುನಿಸ್ಕೊಂಡಂಗೆ ಇದೆ. ಎಮ್ಮೆಲ್ಲೆ ಬಂದು ಹಾರ ಹಾಕೋವಾಗ ಅಪ್ಪ ಮುಖ ಆ ಕಡೆ ತಿರುಗ್ಸಿದ್ರೆ ಪೇಪರಲ್ಲಿ ಏನು ಬರ್ತದೆ? ಶಾಲೆಯವ್ರು ಒಪ್ಪಲ್ಲ.”

ಆಚಾರ್ರು ಅತ್ತೆಯ ಕಡೆ ನೋಡಿದರು. ಅತ್ತೆ ಆಗಲೇ ತಲೆಯ ಎಡಗಡೆಗೆ ಹೋಗಿ ನಿಂತಿದ್ದರು. ಅವರು ವಾದ ಮಾಡಲಿಲ್ಲ. ಮುಖದಲ್ಲಿ ಹೆದರಿಕೆಯಿತ್ತು. ತಮ್ಮನಿಗೆ ಕಾಣದಿದ್ದರೆ ತನಗೆ ಕಂಡದ್ದೂ ಸುಳ್ಳಾಗುತ್ತದೆ ಎಂಬ ಹೆದರಿಕೆ ಇರಬೇಕು ಎಂದು ನಾನು ಊಹಿಸಿದೆ.

“ಬಸೂ, ಈ ಕಡೆ ಬಾ” ಎಂದರು.

“ಏನಿದೆ ಆ ಕಡೆ?”

“ಬಾ ಅಂದೆ.”

ಚಿಕ್ಕಪ್ಪ ಗೊಣಗುತ್ತಾ ಸುತ್ತಿಕೊಂಡು ಬಂದು ಅಕ್ಕನ ಪಕ್ಕದಲ್ಲಿ ನಿಂತರು. ಎದುರಿಗೆ ಮಣ್ಣಿನ ಕಿವಿ. ಅದರಾಚೆ ಓರೆಯಾಗಿ ಇತ್ತಲೇ ನೋಡುವ ಕಣ್ಣು. ಏನೋ ಹೇಳಲು ಬಾಯಿ ತೆರೆದರು. ಒಂದು ಹೆಜ್ಜೆ ಹಿಂದೆ ಸರಿದು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಬೇಗ ಬೇಗ ಹೊರಗೆ ಹೋದರು. ಹಿತ್ತಲಲ್ಲಿ ಎಲೆ ಅಡಿಕೆ ಉಗಿದ ಸದ್ದು ಕೇಳಿತು. ಆಮೇಲೆ ನಲ್ಲಿಯ ನೀರು, ಮುಕ್ಕಳಿಸಿದ ಸದ್ದು. ಪಂಚೆಯ ತುದಿಯಲ್ಲಿ ಬಾಯಿ ಒರೆಸಿಕೊಂಡು ಒಳಗೆ ಬಂದು, ಮತ್ತೆ ಅದೇ ಜಾಗದಲ್ಲಿ, ಅಪ್ಪನ ಎದುರು ನಿಲ್ಲುವ ಹುಡುಗನ ಹಾಗೆ ಕೈ ಕಟ್ಟಿಕೊಂಡು ನಿಂತರು.

ಅತ್ತೆ ಅವರ ಕಡೆ ನೋಡಲಿಲ್ಲ.

ಆಚಾರ್ರಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಒಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಚಿಕ್ಕಪ್ಪನ ಹತ್ತಿರ ಬಂದು ಕೇಳಿದರು. “ಹಂಗಾದ್ರೆ ಏನು ಮಾಡ್ಲಿ ಸಾರ್? ಕತ್ತು ನೆಟ್ಟಗೆ ಮಾಡ್ಲಾ?”

“ಬೇಡ” ಎಂದರು ಚಿಕ್ಕಪ್ಪ, ಶೆಡ್ಡಿನ ತಗಡು ಅದುರುವ ಹಾಗೆ. “ಹಂಗೇ ಇರ್ಲಿ.”

ಆಚಾರ್ರು ಬೆಚ್ಚಿ ಹಿಂದೆ ಸರಿದರು.

“ಮೆಲ್ಲಗೆ ಹೇಳಿ ಸಾರ್” ಎಂದರು. “ನಂಗೆ ಕಿವಿ ಕೇಳ್ತದೆ.”